ಆಗಸ್ಟ್ 10ರ ಬಲಿಪೂಜೆ, ಬಾಣಂತನದ ಸರದಿ

ಪ್ರಭುವಿನ ಹೆಸರಿನಲ್ಲಿ ಎಲ್ಲ ಅಕ್ಕ-ತಂಗಿಯರಿಗೂ ವಂದನೆ.

ಆಗಸ್ಟ್ 10ರಂದು ಸಂಜೆ 5.30ಕ್ಕೆ, ಹುಟ್ಟುವ ಮೊದಲೇ ಹೋದ ಮಕ್ಕಳಿಗಾಗಿ ನಮ್ಮ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇದೆ. 1971ರಲ್ಲಿ ನಮ್ಮ ದೇಶದ ಗರ್ಭಪಾತ ಕಾನೂನಿಗೆ ಅಂಕಿತ ಬಿದ್ದದ್ದು ಇದೇ ದಿನ.

ಪ್ರಾರ್ಥನೆ ಮಾಡಿ ಸುಮ್ನೆ ಮನೆಗೆ ಹೋದರೆ ಸಾಲದು, ಅಲ್ವಾ? ಹೊಟ್ಟೆಯಲ್ಲಿರುವ ಮಗು ದೇವರ ಕೊಡುಗೆ ಎನ್ನುವ ನಾವು ಅದರ ತಾಯಿಯ ಜೊತೆಗೂ ನಿಲ್ಲಬೇಕು. ನಮ್ಮ ಧರ್ಮಕೇಂದ್ರದಲ್ಲಿ ಮೂವರು ಬಸುರಿಯರಿಗೆ ಆಸರೆ ಬೇಕಾಗಿದೆ. ಒಬ್ಬರಿಗಂತೂ ತವರೇ ಇಲ್ಲ.

ಹಳೆಯ ಮೆತ್ತನೆ ಹತ್ತಿ ಸೀರೆ (ತೊಳೆದು ಬಿಸಿಲಿಗೆ ಒಣಗಿಸಿ), ಕುಲಾವಿ, ತುಪ್ಪ, ಬೆಲ್ಲ, ರಾಗಿ ಹಿಟ್ಟು, ಯಾವುದಾದರೂ ಸರಿ, 8ನೇ ತಾರೀಖಿನೊಳಗೆ ಚರ್ಚಿನ ಆಫೀಸಿಗೆ ತಲುಪಿಸಿ. ಆದರೆ ಸಾಮಾನಿಗಿಂತ ಜಾಸ್ತಿ ಬೇಕಾಗಿರುವುದು ಕೈಗಳು. ಹೆರಿಗೆಯಾದ ಮೇಲೆ 40 ದಿನ ಸರದಿಯಂತೆ ಒಬ್ಬೊಬ್ಬರು ದಿನಕ್ಕೆ ಎರಡು ಗಂಟೆ ಹೋಗಿ ಅಡುಗೆ ಮಾಡಿ, ಬಟ್ಟೆ ಒಗೆದು, ದೊಡ್ಡ ಮಗುವನ್ನು ನೋಡಿಕೊಂಡರೆ ಸಾಕು. ಮನೆ ನಡೆಸುವುದನ್ನು ನಾವೇ ಹಗುರವಾಗಿ ಕಾಣುತ್ತೇವೆ. ಆದರೆ ಒಬ್ಬ ಬಾಣಂತಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇನ್ನೊಂದು ಮಾತು. ನಮ್ಮ ನಡುವೆ ಹಿಂದೆ ಗರ್ಭಪಾತ ಮಾಡಿಸಿಕೊಂಡು ಒಳಗೊಳಗೇ ನೋಯುತ್ತಿರುವವರು ಇರಬಹುದು. ಪಾಪನಿವೇದನೆಯಲ್ಲಿ ಇದಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಗುರುಗಳಿಗೂ ಕೊಟ್ಟರು. ಭಯ ಬೇಡ, ಬನ್ನಿ. ಅಂದು 4.30ರಿಂದ ಗುರುಗಳು ಸಿಗುತ್ತಾರೆ.

ಬಸುರಿಯರ ಹೆಸರನ್ನು ದಯವಿಟ್ಟು ಇಲ್ಲಿ ಕೇಳಬೇಡಿ, ಹಾಕಬೇಡಿ. ಸರದಿಗೆ ಬರುವವರು ನಿಮ್ಮ ಹೆಸರು, ಬಿಡುವಿನ ದಿನ ಬರೆದು ಭಾನುವಾರದೊಳಗೆ ಉತ್ತರಿಸಿ.