ಸಿಲ್ವಿಯಾನ ಸುದ್ದಿ, ಅಕ್ಕನ ಸುದ್ದಿ

ಪ್ರೀತಿಯ ದೋಸ್ತ,

ವಾಟ್ಸಾಪಿನ್ಯಾಗ ಎಷ್ಟು ಉದ್ದ ಬರದ್ರೂ ನೀ ಒಂದು ಹೆಬ್ಬಟ್ಟು ಒತ್ತಿ ಸುಮ್ಮಾಗ್ತಿ. ಅದಕ್ಕ ಈ ಸಲ ಎಲ್ಲಾರ ಮುಂದ ಬರೀಲಿಕ್ಕತ್ತೇನಿ. ಓದವ್ರು ಓದ್ಲಿ, ಉತ್ತರ ಮಾತ್ರ ನೀನ ಕೊಡಬೇಕು.

ಮುಂಬೈ ಲೋಕಲ್‌ನ್ಯಾಗ ನಿಂತ್ಕೊಂಡು ಈಗ ನಾ ಓದೂದೆಲ್ಲಾ ಮಂಗ್ಯಾಗಳ ಸಂಶೋಧನೆ. ನಿನಗ ಗೊತ್ತದ ಏನು, ನಮ್ಮ ಧಾರವಾಡದ ಸುತ್ತಲಿನ ಕಾಡಿನ್ಯಾಗ 1960ರ ದಶಕದ ಶುರುವಿನ್ಯಾಗ ಯುಕಿಮಾರು ಸುಗಿಯಾಮಾ ಅಂತ ಜಪಾನಿ ವಿಜ್ಞಾನಿ ಮುಸುವಗಳ ಬೆನ್ನು ಹತ್ತಿ ತಿರುಗಿದ್ದ. ಹೊಸಾ ಗಂಡು ಬಂದು ಗುಂಪು ಗೆದ್ದ ಮ್ಯಾಲೆ ಮೊಲಿ ಕುಡಿಯೋ ಮರಿಗಳನ್ನ ಕೊಲ್ಲತದ ಅಂತ ಮೊದಮೊದಲು ಬರದವರಾಗ ಅಂವ ಒಬ್ಬ. ನಮ್ಮ ಊರ ಹೆಸರು ಅಂಥಾ ಪುಸ್ತಕದಾಗ ನೋಡಿ ಎದಿ ಝಲ್ ಅಂತು.

ಆದ್ರ ನಾ ಹೇಳಬೇಕಂದದ್ದು ಬಬೂನು ಅನ್ನೋ ದೊಡ್ಡ ಮಂಗ್ಯಾಗಳ ಸುದ್ದಿ. ಆಫ್ರಿಕಾದ ಬೋಟ್ಸ್ವಾನಾದಾಗ ಮೊರೇಮಿ ಅಂತ ಕಾಡದ. ಡೊರೊಥಿ ಚೇನಿ, ರಾಬರ್ಟ್ ಸೇಫಾರ್ತ್ ಅನ್ನೋ ಗಂಡ-ಹೆಂಡತಿ 1992ರಿಂದ ವರ್ಷಾನುಗಟ್ಟಲೆ ಅಲ್ಲಿ ಒಂದು ಗುಂಪಿನ ಹಿಂದ ನಡದಾರ. ಅವರ ಜೋಡಿ ಆನ್ ಎಂಗ್, ಜಸಿಂಟಾ ಬೀನರ್ ಅಂಥವರು ಹಾರ್ಮೋನು ಅಳದ್ರು. ರಕ್ತಾ ತಗೀಬೇಕಂದ್ರ ಪ್ರಾಣಿ ಹಿಡೀಬೇಕು, ಹಿಡದ್ರ ಆ ಅಂಜಿಕಿಗೇ ಹಾರ್ಮೋನು ಏರ್ತದ. ಅದಕ್ಕ ಒಂದೊಂದರ ಮಾರಿ ಗುರ್ತು ಇಟ್ಕೊಂಡು, ಹಿಂದಿಂದ ನಡದು, ಅದು ಹಾಕಿದ ಮಲಾ ತಂದು ಅದರಾಗಿನ ಗ್ಲುಕೋಕಾರ್ಟಿಕಾಯ್ಡ್ ಅನ್ನೋ ಒತ್ತಡದ ಹಾರ್ಮೋನಿನ ಅಂಶ ಅಳೂದು. ಎಂಥಾ ತಾಳ್ಮಿ ನೋಡು! ಕೈ ಮುಗೀಬೇಕು ಅನಸ್ತದ.

ಸಿಂಹಾನೋ ಚಿರತಿನೋ ಬಂದು ಒಂದನ್ನ ಒಯ್ದ್ರ ಗುಂಪೆಲ್ಲಾ ಕಂಗಾಲ ಆಗ್ತದ. ಆದ್ರ 2006ರಾಗ ಅವರು ಪ್ರಕಟ ಮಾಡಿದ್ದು ಏನಂದ್ರ, ಮುಂದಿನ ನಾಲ್ಕು ವಾರ ಒತ್ತಡದ ಹಾರ್ಮೋನು ಏರಿದ್ದು ಹತ್ತಿರದ ರಕ್ತಸಂಬಂಧ ಕಳಕೊಂಡ ಹೆಣ್ಣುಗಳೊಳಗ. ಅದ ಗುಂಪಿನ ಉಳಿದ ಹೆಣ್ಣುಗಳೊಳಗ ಅಂಥಾ ಏರಿಕಿ ಕಾಣಲಿಲ್ಲ. ಕಳಕೊಂಡವು ಮೂಲಿ ಹಿಡದೂ ಕೂಡ್ಲಿಲ್ಲ. ಮೊದಲಿಗಿಂತ ಹೆಚ್ಚು ಸಲ, ಹೆಚ್ಚು ಹೆಣ್ಣುಗಳ ಜೋಡಿ ಹೇನು ಆರಿಸ್ಕೋತ ಕೂತ್ವು.

ಅದರಾಗ ಸಿಲ್ವಿಯಾ ಅಂತ ಒಬ್ಬಾಕಿ. ಬಬೂನುಗಳಾಗ ಅಂತಸ್ತು ತಾಯಿಂದ ಮಗಳಿಗೆ ಬರ್ತದ, ಈಕಿ ದೊಡ್ಡ ಮನೆತನದಾಕಿ. ಕೆಳಗಿನವರನ್ನ ಹತ್ರ ಸೇರಿಸ್ತಿದ್ದಿಲ್ಲ. ಆಕಿಗೆ ಮಗಳು ಸಿಯೆರಾ ಒಬ್ಬಾಕಿ ಇದ್ರ ಸಾಕಾಗಿತ್ತು. ಸಿಯೆರಾನ್ನ ಸಿಂಹ ಕೊಂದಿತು. ಆಮ್ಯಾಲೆ ಸಿಲ್ವಿಯಾ ತನಗಿಂತ ಬಾಳ ಕೆಳಗಿನ ಹೆಣ್ಣಿನ ಹತ್ರ ಹೋಗಿ ಕೂತಳು.

ಅಕ್ಕ ಹೋದದ್ದು ನಿನಗ ಗೊತ್ತು, ಹನ್ನೊಂದನೇ ದಿನಕ್ಕ ಡೊಂಬಿವಲಿಗೆ ಬಂದಿದ್ದಿ. ಅದರ ಮುಂದಿಂದು ನಿನಗ ಹೇಳಿಲ್ಲ. ಒಂದ ಬಿಲ್ಡಿಂಗಿನ್ಯಾಗ ಆಕಿ ಕೆಳಗ, ನಾ ಮ್ಯಾಲೆ. ಆಕಿ ಇದ್ಲು ಅಂತ ಈ ಊರಾಗ ನನಗ ಬ್ಯಾರೆ ಯಾರೂ ಬೇಕಾಗಿದ್ದಿಲ್ಲ. ಈಗ ಸಿಕ್ಕವರ ಹತ್ರೆಲ್ಲಾ ಹೋಗಿ ಕೂಡ್ಲಿಕ್ಕತ್ತೇನಿ. ಭಜನಿ ಮಂದಿ ಇರೋ ಡಬ್ಬಾ ಹುಡುಕಿ ಹತ್ತತೀನಿ, ಅವರ ಅಭಂಗಕ್ಕ ತಾಳ ಹಾಕ್ತೀನಿ. ಆಫೀಸು ಬಿಟ್ಟ ಮ್ಯಾಲೆ ಮಾಟುಂಗಾದ ಉಡುಪಿ ಹೋಟೆಲಿನ್ಯಾಗ ಕಾಫಿ ಮುಗದ್ರೂ ಏಳೂದಿಲ್ಲ, ಗಲ್ಲಾದ ಮ್ಯಾಲಿನ ಅಜ್ಜಾರ ಜೋಡಿ ಮಾತಾಡ್ತೀನಿ. ಅವರ ಕನ್ನಡದಾಗ ತುಳು ಬೆರೀತದ, ಅರ್ಧ ತಿಳೀತದ, ಆದ್ರೂ ಕೂಡ್ತೀನಿ. ಕರ್ನಾಟಕ ಸಂಘದಾಗ ನಾಟಕ ಮುಗದ ಮ್ಯಾಲೂ ಬಾಗಿಲ ಹತ್ರ ನಿಂತು ಮಂದಿ ಮಾತು ಕೇಳ್ತೀನಿ.

ವರ್ಷಾಂತಕದ ದಿನ ಬಳಗದವರೊಬ್ರು ಅಂದ್ರು, “ಅಕ್ಕನ್ನ ಲಗೂನ ಮರತಿ ಬಿಡಪಾ.” ಆ ಮಾತು ಇನ್ನೂ ಎದಿಯಾಗ ಕೂತದ. ಆಕಿ ಜಾಗಾ ತುಂಬಸ್ಲಿಕ್ಕತ್ತೇನೇನು ಅಂತ ರಾತ್ರಿ ನಿದ್ದಿ ಹತ್ತತಿದ್ದಿಲ್ಲ. ಹೆಂಡತಿಗೂ ಹೇಳಿಲ್ಲ ಇದನ್ನ.

ಸಿಲ್ವಿಯಾನ ದುಃಖ ಯಾರೂ ಅಳದಿಲ್ಲ, ಅಳದದ್ದು ಒತ್ತಡಾ. ಆ ವಿಜ್ಞಾನಿಗಳು ತಾವು ಅಳದದ್ದರ ಗಡಿ ತಿಳದವರು, ಅದಕ್ಕ ಅವರ ಮ್ಯಾಲೆ ನನಗ ನಂಬಿಕಿ. ಆದ್ರ ನಾ ಇಷ್ಟು ಹಿಡ್ಕೊಂಡೇನಿ: ಸಿಯೆರಾ ಇದ್ದಿದ್ರ ಸಿಲ್ವಿಯಾ ಆ ಕಡೆ ಹೆಜ್ಜಿನೂ ಇಡ್ತಿದ್ದಿಲ್ಲ. ಮಗಳು ಇಲ್ಲದ್ದು ಆಕಿ ಮೈಗೆ ಗೊತ್ತಿತ್ತು, ಅದಕ್ಕ ಹೋದ್ಲು. ಗಲ್ಲಾದ ಹತ್ರ ನಾ ಕೂಡೂದೂ ಹಂಗ. ಅಕ್ಕನ್ನ ಮರತವ ಮನಿಗೆ ಲಗೂ ಹೋಗ್ತಿದ್ದ.

ಇಷ್ಟೆಲ್ಲಾ ಬರೀಬೇಕಂತಿದ್ದಿಲ್ಲ. ಇರ್ಲಿ ಬಿಡು. ನಿನ್ನ ಮಗಳ ಪರೀಕ್ಷಾ ಮುಗಿದ್ವೇನು? ರಜಾದಾಗ ಎಲ್ಲಾರನ್ನೂ ಕರಕೊಂಡು ದಾದರ್ ಗಾಡಿಗೆ ಬಾ, ಕಲ್ಯಾಣದಾಗ ಇಳಿ, ನಾ ಸ್ಟೇಷನ್ನಿಗೆ ಬರ್ತೀನಿ. ಫೇಡೆ ಎರಡು ಡಬ್ಬಿ ಹೆಚ್ಚಿಗೇ ತಾ, ಒಂದು ಗಲ್ಲಾದ ಅಜ್ಜಾರಿಗೆ, ಒಂದು ಭಜನಿ ಮಂದಿಗೆ. ನಿನ್ನ ಕಂಠ ಇನ್ನೂ ಮೊದಲಿನಂಗ ಇದ್ರ ಅವರ ಡಬ್ಬಾದಾಗ ಒಂದು ದಾಸರ ಪದಾ ಹಾಡಸ್ತೀನಿ, ಇಲ್ಲ ಅನಬ್ಯಾಡ.

ನಿನ್ನವ