ದೇವರ ಮೇಲೆ ಭಾರ ಹಾಕಿದವರು ಗುಳಿಗೆ ಬಿಡಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಪುಣೆಯ ಭೋಸರಿ, ಚಿಂಚವಡ, ಹಡಪಸರ, ಯೇರವಡಾ ಕಡೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದಿಂದ ದುಡಿಯಲು ಬಂದ ಕನ್ನಡ ಕುಟುಂಬಗಳು ಬಹಳ ಇವೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಪಗಾರದ ಕೆಲಸ ಮುಗಿಸಿ, ಯಾರದೋ ಮನೆಯ ಕೋಣೆಯಲ್ಲಿ ಸಂಜೆ ಸೇರಿ ಕನ್ನಡದಲ್ಲಿ ಪ್ರಾರ್ಥಿಸುವ ಇಂಥ ಕೂಟಗಳಲ್ಲಿ ಈಗೀಗ ಒಂದು ಮಾತು ಬೇರೂರುತ್ತಿದೆ: "ಪೂರ್ತಿ ನಂಬಿದವನಿಗೆ ಔಷಧಿ ಯಾಕೆ, ಉಳಿತಾಯ ಯಾಕೆ, ನಾಳಿನ ಚಿಂತೆ ಯಾಕೆ?" ಕೇಳಲು ಭಕ್ತಿಯ ಮಾತಿನಂತಿದೆ. ಆದರೆ ಸತ್ಯವೇದ (ಬೈಬಲ್) ಹೇಳುವ ಭರವಸೆ ಇದಲ್ಲ. ಈ ಮಾತು ನಂಬಿ ಕೆಡುವವರು ನಮ್ಮಲ್ಲೇ ಅತಿ ಬಡವರಾದ್ದರಿಂದ, ಇದನ್ನು ನಾಲ್ಕು ಜನರ ಮುಂದೆ ಬಿಡಿಸಿ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಕ್ಕೆ ಧುಮುಕು, ದೇವದೂತರು ಎತ್ತಿಕೊಳ್ಳುತ್ತಾರೆ ಎನ್ನುತ್ತಾನೆ. ಹಾಗೆ ಹೇಳುವಾಗ ಅವನು ಬಳಸುವುದು 91ನೇ ಕೀರ್ತನೆಯ ವಚನವನ್ನೇ. ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂಬ ಆಜ್ಞೆಯನ್ನು ನೆನಪಿಸಿದನು. ವಚನ ಹೇಳಿದ ಮಾತ್ರಕ್ಕೆ ಮಾತು ದೇವರದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಭರವಸೆ ಎಂದರೆ ಹೇಗಿರುತ್ತದೆ ಎಂದು ಕೇಳುವವರಿಗೆ ನಾವು ತೋರಿಸುವುದು ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ. ಯೇಸುವಿನ ಅಪೊಸ್ತಲನಾದ ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಹಡಗಿನಲ್ಲಿ 276 ಜನ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತನು ಪೌಲನಿಗೆ ಮಾತು ಕೊಟ್ಟಿದ್ದನು. ಆಮೇಲೂ, ನಾವಿಕರು ಲಂಗರು ಹಾಕುವ ನೆಪದಲ್ಲಿ ದೋಣಿ ಇಳಿಸಿ ಪಾರಾಗಲು ನೋಡಿದಾಗ ಪೌಲನು ಸುಮ್ಮನಿರಲಿಲ್ಲ. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಸೇನಾಧಿಕಾರಿಗೆ ಹೇಳಿದನು. 14 ದಿನದಿಂದ ಸರಿಯಾಗಿ ಉಣ್ಣದವರನ್ನು ಒತ್ತಾಯಿಸಿ ಉಣ್ಣಿಸಿದನು. ಕೊನೆಗೆ ಈಜು ಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು ದಡ ಸೇರಿದರು. ದೇವರು ಕೊಟ್ಟ ಮಾತು ಒಂದು ಅಕ್ಷರವೂ ತಪ್ಪಲಿಲ್ಲ. ಅದು ನೆರವೇರಿದ್ದು ನಾವಿಕರ ಕೈಯಿಂದ, ಹೊಟ್ಟೆಗೆ ಬಿದ್ದ ರೊಟ್ಟಿಯಿಂದ, ತೇಲಿದ ಹಲಗೆಯಿಂದ.

ಈಗ ಔಷಧಿಯ ಮಾತು. ಇಲ್ಲಿ ತಪ್ಪಾದರೆ ಜೀವವೇ ಹೋಗುತ್ತದೆ, ಆದ್ದರಿಂದ ಸ್ವಲ್ಪ ಉದ್ದವಾದರೂ ಓದುಗರು ಕ್ಷಮಿಸಬೇಕು. ಸಾಮಾನ್ಯ ಕ್ಷಯರೋಗಕ್ಕೆ ಚಿಕಿತ್ಸೆ ಕಡಿಮೆಯೆಂದರೂ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಬಗೆಯ ಔಷಧಿ, ಮುಂದಿನ 4 ತಿಂಗಳು ಮೂರು ಬಗೆ. ಸರ್ಕಾರಿ ದವಾಖಾನೆಯಲ್ಲಿ ಪೂರ್ತಿ ಉಚಿತ. ಕೆಲವು ವಾರಗಳಲ್ಲೇ ಕೆಮ್ಮು ಇಳಿಯುತ್ತದೆ, ಹಸಿವು ಬರುತ್ತದೆ, ಮೈ ತುಂಬಿಕೊಳ್ಳುತ್ತದೆ. ಅಪಾಯ ಇರುವುದೇ ಆಗ. ವಾಸಿಯಾಯಿತೆಂದು ಕೂಟದಲ್ಲಿ ಎದ್ದು ಸಾಕ್ಷಿ ಹೇಳಿ ಗುಳಿಗೆ ನಿಲ್ಲಿಸಿದರೆ, ಒಳಗೆ ಉಳಿದ ರೋಗಾಣು ಆ ಔಷಧಿಗಳಿಗೇ ಬಗ್ಗದಂತೆ ಬೆಳೆಯಬಹುದು. ಅದೇ ರೋಗ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅಂಟಬಹುದು. ಬಿ.ಪಿ.ಗೆ ಬಹಳ ಸಲ ಲಕ್ಷಣವೇ ಇರುವುದಿಲ್ಲ, ಆದ್ದರಿಂದ ಅದು ವಾಸಿಯಾಯಿತೆಂದು ನಂಬುವುದು ಎಲ್ಲಕ್ಕಿಂತ ಸುಲಭ. ಗುಳಿಗೆ ಬಿಟ್ಟವರಿಗೆ ಲಕ್ವಾ ಹೊಡೆದ ಮೇಲೆ ಗೊತ್ತಾಗುತ್ತದೆ. ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬರಬಹುದು. ಚಿಕ್ಕಂದಿನಿಂದ ಇನ್ಸುಲಿನ್ ಮೇಲೆ ಬದುಕುವ ಮಗುವಿಗೆ ಒಂದೆರಡು ದಿನ ಇನ್ಸುಲಿನ್ ತಪ್ಪಿದರೂ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೆ ಬರುತ್ತದೆ.

ಉಪವಾಸ ಪ್ರಾರ್ಥನೆಯ ವಿಷಯವೂ ಇದೇ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ದಿನವಿಡೀ ಹಸಿದಿದ್ದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು: ಬೆವರು, ಕೈನಡುಕ, ತೊದಲು ಮಾತು. ಕೂಟದಲ್ಲಿ ಹೀಗಾದವರನ್ನು ಕಂಡು ಪವಿತ್ರಾತ್ಮ ಇಳಿದಿದೆ ಎನ್ನುವವರಿದ್ದಾರೆ. ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಬೇಕು. ಇಂಥವರು, ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಅನ್ನ ಬಿಡಬಾರದು. ಉಪವಾಸ ಮಾಡಲೇಬೇಕೆಂಬ ಮನಸ್ಸಿದ್ದರೆ ಒಂದು ದಿನ ಮೊಬೈಲ್ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಲಿ.

ವಾಸಿಯಾಗಲೆಂದು ಪ್ರಾರ್ಥಿಸುವುದನ್ನು ನಾವು ಬೇಡವೆನ್ನುತ್ತಿಲ್ಲ. ಅದನ್ನು ಹೇಗೆ ಮಾಡಬೇಕೆಂದು ಯಾಕೋಬನು ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಹೇಳಿದ್ದಾನೆ: ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಅಂದರೆ ಮೈಕು, ವೇದಿಕೆ ಬೇಕಿಲ್ಲ, ಹಿರಿಯರು ರೋಗಿಯ ಮನೆಗೆ ಹೋಗಬೇಕು. ಪ್ರಾರ್ಥನೆ ಮುಗಿದ ಮೇಲೆ ಡಾಕ್ಟರ ಚೀಟಿ ಕೇಳಿ ನೋಡಬೇಕು. ಮುಂದಿನ ತಾರೀಖು ಯಾವುದು, ಜೊತೆಗೆ ಯಾರು ಹೋಗುತ್ತಾರೆ, ಆ ದಿನದ ಕೂಲಿ ತಪ್ಪಿದರೆ ಮನೆ ಹೇಗೆ ನಡೆಯುತ್ತದೆ ಎಂದು ವಿಚಾರಿಸಬೇಕು. ಇಷ್ಟು ಕೇಳದೆ ಎದ್ದು ಬಂದರೆ ಅರ್ಧ ಕೆಲಸವೇ ಆಯಿತು. ಇನ್ನು ಸಾಕ್ಷಿ. ಯೇಸು ಹತ್ತು ಕುಷ್ಠರೋಗಿಗಳಿಗೆ ಹೋಗಿ ಯಾಜಕರಿಗೆ ತೋರಿಸಿಕೊಳ್ಳಿರಿ ಎಂದನು, ಏಕೆಂದರೆ ಪರೀಕ್ಷಿಸಿ ಶುದ್ಧನೆಂದು ಹೇಳುವುದು ಯಾಜಕನ ಹೊಣೆಯಾಗಿತ್ತು. ಆದ್ದರಿಂದ ವೈದ್ಯರ ರಿಪೋರ್ಟು ಬರುವ ತನಕ ಕಾದು ಸಾಕ್ಷಿ ಹೇಳುವುದರಲ್ಲಿ ಅಪನಂಬಿಕೆ ಏನೂ ಇಲ್ಲ. ಪೌಲನ ಜೊತೆಗಾರ ಲೂಕನೇ ವೈದ್ಯ. ಅರಸ ಹಿಜ್ಕೀಯನಿಗೆ 15 ವರ್ಷ ಆಯುಷ್ಯ ಕೊಡುತ್ತೇನೆಂದ ದೇವರ ಮಾತು ಬಂದ ಮೇಲೂ ಪ್ರವಾದಿ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದನು. ಬೆಳಗಾವಿ, ವಿಜಯಪುರದವರಿಗೆ ಚೆನ್ನಾಗಿ ಗೊತ್ತಿರುವ ಮಿರಜದ ಮಿಷನ್ ಆಸ್ಪತ್ರೆಯನ್ನು 1890ರ ದಶಕದಲ್ಲಿ ಕಟ್ಟಿದ ಡಾ. ವಿಲಿಯಂ ವಾನ್‌ಲೆಸ್, ದೇವರನ್ನು ನಂಬಿಯೇ ಶಸ್ತ್ರಚಿಕಿತ್ಸೆಯ ಚಾಕು ಹಿಡಿದವರು. ಮಹಾರಾಷ್ಟ್ರದಲ್ಲಿರುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು: ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದು ಇಲ್ಲಿನ 2013ರ ಕಾಯ್ದೆಯ ಪ್ರಕಾರ ಅಪರಾಧ.

ಹಣದ ವಿಷಯದಲ್ಲಿ ನಡೆಯುವ ತಪ್ಪು ಬೇರೆ ಥರದ್ದು. "ಬೀಜ ಕಾಣಿಕೆ" ಬಿತ್ತಿದರೆ ನೂರರಷ್ಟು ಬರುತ್ತದೆಂದು ಸಾಲ ತಂದು ಕೊಡುವವರಿದ್ದಾರೆ. ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ 10,000 ರೂಪಾಯಿ ತಂದರೆ ವರ್ಷಕ್ಕೆ 12,000 ಬಡ್ಡಿಯೇ ಹೋಗುತ್ತದೆ, ಅಸಲು ಹಾಗೇ ನಿಂತಿರುತ್ತದೆ. ಪೌಲನು ಕೊರಿಂಥದವರಿಗೆ ಬರೆದದ್ದು ಸ್ಪಷ್ಟ: ಕಾಣಿಕೆ ಒಪ್ಪಿಗೆಯಾಗುವುದು ಇರುವುದರ ಅಳತೆಗೆ, ಇಲ್ಲದ್ದರ ಅಳತೆಗೆ ಅಲ್ಲ. 18,000 ಪಗಾರ ಇರುವವನು ದಶಮಾಂಶ ಕೊಡುವುದಾದರೆ 1,800ನ್ನು ಪಗಾರ ಬಂದ ದಿನವೇ ತೆಗೆದಿಡಲಿ. ತಿಂಗಳ ಕೊನೆಗೆ ಉಳಿದರೆ ಕೊಡುತ್ತೇನೆಂದವರಿಗೆ ಎಂದೂ ಉಳಿಯುವುದಿಲ್ಲ. ಬಡ್ಡಿ ಸಾಲದಲ್ಲಿ ಸಿಕ್ಕಿದವನು ಕಾಣಿಕೆಗೆ ನೂರು ರೂಪಾಯಿ ಮಾತ್ರ ಕೊಟ್ಟು ಮೊದಲು ಸಾಲ ತೀರಿಸಲಿ, ಆ ನೂರನ್ನು ಸಭೆ ಗೌರವದಿಂದ ಒಪ್ಪಿಕೊಳ್ಳಬೇಕು. ಊರಲ್ಲಿರುವ ಅವ್ವ-ಅಪ್ಪನಿಗೆ ಕಳಿಸುವ ಹಣವನ್ನು ನಿಲ್ಲಿಸಿ ಕಾಣಿಕೆ ಹಾಕುವುದನ್ನಂತೂ ಯೇಸು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ನೇರವಾಗಿಯೇ ಖಂಡಿಸಿದ್ದಾನೆ.

ಉಳಿತಾಯ ಅಪನಂಬಿಕೆಯೇ? ವಿಮೋಚನಕಾಂಡದ 16ನೇ ಅಧ್ಯಾಯ ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕಳಿಸಿದ ಮನ್ನ ಎಂಬ ಆಹಾರ ಬಿದ್ದಾಗ ತಲೆಗೆ ಒಂದು ಓಮೆರ್ (ಆಗಿನ ಒಂದು ಅಳತೆ) ಎಂದು ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಇಟ್ಟುಕೊಂಡದ್ದು ಹುಳು ಬಿದ್ದು ನಾರಿತು. ಆದರೆ ಆರನೇ ದಿನ ಎರಡು ಓಮೆರ್ ಕೂಡಿಸಿ, ಮರುದಿನದ ಸಬ್ಬತ್ತಿಗೆ (ವಿಶ್ರಾಂತಿಯ ದಿನಕ್ಕೆ) ಇಡಿರಿ ಎಂದ ಮಾತೂ ಅದೇ ದೇವರದು, ಅದು ಕೆಡಲಿಲ್ಲ. ಯೋಸೇಫನು ಐಗುಪ್ತದಲ್ಲಿ ಸುಗ್ಗಿಯ ಏಳು ವರ್ಷವೂ ಬೆಳೆಯ ಐದರಲ್ಲೊಂದು ಪಾಲನ್ನು ಬರಗಾಲಕ್ಕೆ ಕೂಡಿಟ್ಟನು. ಹಾಗಾಗಿ ಮೂರು ತಿಂಗಳ ಬಾಡಿಗೆ, ರೇಶನ್ನಿನಷ್ಟು ಹಣ ಕೈಯಲ್ಲಿರುವಂತೆ ನೋಡಿಕೊಳ್ಳುವುದು ಭಕ್ತಿಗೆ ವಿರೋಧವಲ್ಲ. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದಲೇ ಶುರುವಾಗುತ್ತದೆ.

ದೇವರನ್ನೇ ನಂಬಿ ಕೆಲಸ ನಡೆಸಿದವರ ಲೆಕ್ಕದ ಪುಸ್ತಕ ಹೇಗಿತ್ತು ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಯಾರ ಬಳಿಯೂ ಕೈಚಾಚದೆ ಪ್ರಾರ್ಥನೆಯನ್ನೇ ಆಸರೆ ಮಾಡಿಕೊಂಡವರೆಂದು ನಮ್ಮ ಪ್ರಸಂಗಗಳಲ್ಲಿ ಹೇಳುತ್ತಾರೆ. ಅವರು ಬಂದ ಹಣಕ್ಕೆ ರಸೀದಿ ಕೊಡುತ್ತಿದ್ದರು, ವರ್ಷವರ್ಷ ಲೆಕ್ಕ ಅಚ್ಚು ಹಾಕಿಸುತ್ತಿದ್ದರು, ಸಾಲ ಮಾಡುತ್ತಿರಲಿಲ್ಲ ಎಂಬುದನ್ನು ಮಾತ್ರ ಬಿಡುತ್ತಾರೆ. ಪುಣೆಯವರಿಗೆ ಅಷ್ಟು ದೂರವೂ ಬೇಡ. ದೌಂಡ್ ರೈಲುದಾರಿಯ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇದೆ. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದು ಪುಣೆಗೆ ತಂದರು; 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕಾಪಾಡಿದರು. ಪ್ರಾರ್ಥನೆಯಿಂದಲೇ ಹೆಸರಾದ ಆ ಜಾಗದಲ್ಲಿ ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೇಯ್ಗೆ ಮತ್ತು ಮುದ್ರಣ ಕಲಿಸಿದರು. ಕೂಟಗಳು ಅವರ ಪ್ರಾರ್ಥನೆಯ ಜೊತೆಗೆ ಈ ಬಾವಿಗಳನ್ನೂ ನೆನೆಯಲಿ. ಚಿಕ್ಕ ಕೂಟವಾದರೂ ಕಾಣಿಕೆಯನ್ನು ಬಂಧುಗಳಲ್ಲದ ಇಬ್ಬರು ಅಂದೇ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಬಡವರಿಗೆಂದು ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯದೆ ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡದ್ದು ಇದಕ್ಕಾಗಿಯೇ.

ಹೊಸ ವರ್ಷದ ರಾತ್ರಿ ವಾಗ್ದಾನದ ಚೀಟಿ ಎತ್ತುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಎಲ್ಲರೂ ಬಯಸುವ ವಚನ ಯೆರೆಮೀಯ 29:11, ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಚನೆ ನನಗಿದೆ ಎಂಬ ದೇವರ ಮಾತು. ಚೀಟಿಯಲ್ಲಿ ಅದರ ಹಿಂದಿನ ವಚನ ಇರುವುದಿಲ್ಲ. 10ನೇ ವಚನದಲ್ಲಿ ಆ ಬಿಡುಗಡೆಗೆ 70 ವರ್ಷ ಬೇಕೆಂದಿದೆ. ಚೀಟಿ ಎತ್ತಿದ ಪ್ರಾಯದವರಲ್ಲಿ ಬಹುಮಂದಿ ಅದನ್ನು ಕಾಣದೆಯೇ ತೀರಿಹೋಗುವಷ್ಟು ಕಾಲ. 5ರಿಂದ 7ನೇ ವಚನದಲ್ಲಿ, ಬಾಬಿಲೋನಿಗೆ ಸೆರೆಯಾಗಿ ಹೋದ ಜನ ಅಲ್ಲಿಯವರೆಗೆ ಏನು ಮಾಡಬೇಕೆಂದಿದೆ: ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇಡೀ ಸತ್ಯವೇದದಲ್ಲಿ ಇದಕ್ಕಿಂತ ಹತ್ತಿರದ ಪತ್ರ ಇಲ್ಲವೆಂದು ನಮ್ಮ ಅನಿಸಿಕೆ. ಪುಣೆಯ ಕ್ಷೇಮ ಎಂದರೆ ಮರಾಠಿ ನೆರೆಯವರ ಕ್ಷೇಮವೂ ಹೌದು, ನೀರಿನ ಸರದಿಯಲ್ಲಿ ಜಗಳವಾಡದಿರುವುದೂ ಹೌದು.

ಆದ್ದರಿಂದ ಒಂದು ವಚನ ಎತ್ತುವ ಬದಲು ಅಧ್ಯಾಯ ಓದುವ ಅಭ್ಯಾಸ ಬೇಕು. ಸತ್ಯವೇದದ 1,189 ಅಧ್ಯಾಯಗಳನ್ನು ವರ್ಷದಲ್ಲಿ ಮುಗಿಸುತ್ತೇನೆಂದು ಜನವರಿಯಲ್ಲಿ ಹೊರಟವರು ಸಾಮಾನ್ಯವಾಗಿ ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬಂದು ನಿಲ್ಲುತ್ತಾರೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ ದಿನಕ್ಕೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ತಪ್ಪಿದ್ದನ್ನು ಕೂಡಿಸಿಕೊಳ್ಳಲು ಎರಡು ದಿನ ಬಿಡುವೂ ಸಿಗುತ್ತದೆ. ಇಲ್ಲಿನ ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಯವರು, ಅಪ್ಪನ ಕನ್ನಡ ಸತ್ಯವೇದ ಅವರಿಗೆ ಓದಲು ಬಾರದು. ರಾತ್ರಿ ಊಟದ ಮೊದಲು ಜೊತೆಗೆ ಕೂತು ಅಕ್ಷರ ತೋರಿಸುತ್ತಾ ಹತ್ತು ವಚನ ಅವರಿಂದಲೇ ಕನ್ನಡದಲ್ಲಿ ಓದಿಸಿ. ಓದು ಬಾರದ ಹಿರಿಯರು ಕೇಳುತ್ತಾರೆ, ಮಕ್ಕಳಿಗೆ ಅಕ್ಷರವೂ ಕೂಡುತ್ತದೆ.

ಪ್ರಾರ್ಥನೆಗೆ ಒಂದು ನೋಟ್‌ಬುಕ್ ಇಡಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ದೇವರೇ ಮಾಡಬೇಕಾದದ್ದನ್ನು, ಬಲಕ್ಕೆ ಅದೇ ವಿಷಯದಲ್ಲಿ ಈ ವಾರ ನಾನು ಮಾಡಬೇಕಾದದ್ದನ್ನು ಬರೆಯಿರಿ. ಎಡಕ್ಕೆ "ಮಗಳಿಗೆ ಕಾಲೇಜು ಸಿಗಲಿ" ಎಂದಿದ್ದರೆ ಬಲಕ್ಕೆ "ತಹಸೀಲ್ ಕಚೇರಿಯಿಂದ ಆದಾಯದ ಪ್ರಮಾಣಪತ್ರ, ಅರ್ಜಿಯ ಕೊನೆಯ ದಿನ" ಎಂದಿರಬೇಕು. ವೈರಿಗಳ ಭಯವಿದ್ದಾಗ, ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನು ಪ್ರಾರ್ಥನೆಯನ್ನೂ ಮಾಡಿದನು, ಹಗಲಿರುಳು ಕಾವಲನ್ನೂ ಇಟ್ಟನು. ಬಲಬದಿ ಖಾಲಿ ಉಳಿದರೆ ಪ್ರಾರ್ಥನೆ ಸೋಮಾರಿತನಕ್ಕೆ ನೆಪವಾಗುತ್ತದೆ. ಎಡಬದಿ ಖಾಲಿಯಾದರೆ ಎಲ್ಲವೂ ನನ್ನ ತಲೆಯ ಮೇಲೆಯೇ ಎಂದು ನಿದ್ದೆ ಹೋಗುತ್ತದೆ.

ಪುಣೆಯ ಬಹಳ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಭಾನುವಾರದ ಆರಾಧನೆಗೆಂದು ಹೊಟ್ಟೆನೋವಿನ ಸುಳ್ಳು ಹೇಳಿ ರಜೆ ಹಾಕುವುದು ಆರಾಧನೆಗೆ ಶೋಭೆಯಲ್ಲ. ಮೊದಲೇ ಸೂಪರ್‌ವೈಸರ್‌ಗೆ ನಿಜ ಹೇಳಿ ಶಿಫ್ಟ್ ಅದಲುಬದಲು ಕೇಳಬೇಕು. ಆಗದಿದ್ದರೆ ಸಂಜೆಯ ಕೂಟ, ಗುರುವಾರ ಮನೆಯ ಆರಾಧನೆ.

ಇಷ್ಟೆಲ್ಲ ಮಾಡಿದ ಮೇಲೂ ರೋಗ ವಾಸಿಯಾಗದಿರಬಹುದು, ಕೆಲಸ ಹೋಗಬಹುದು. ಆಗ "ನಿನ್ನ ನಂಬಿಕೆ ಸಾಲದು" ಎನ್ನುವವರಿಗೆ ನಾವು ಕೈಮುಗಿದು ಹೇಳುತ್ತೇವೆ, ಆ ಮಾತು ಆಡಬೇಡಿ. ಪೌಲನು ತಾನು ಶರೀರದ ಮುಳ್ಳು ಎಂದು ಕರೆದ ಬಾಧೆ ಹೋಗಲೆಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನಿಗೆ ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಅಂಥವರ ಮನೆಗೆ ಹೋದಾಗ ಉಪದೇಶ ಬೇಡ. ಆ ಕೀರ್ತನೆಯನ್ನೋ 13ನೆಯದನ್ನೋ ಓದಿ, ಏನು ಬೇಕೆಂದು ಕೇಳಿ, ವಾರ ಬಿಟ್ಟು ಮತ್ತೆ ಹೋಗಿ.

ಪತ್ರಿಕೆಗೆ ನಮ್ಮದೊಂದು ಕೋರಿಕೆ. ಕ್ಷಯ, ಬಿ.ಪಿ., ಸಕ್ಕರೆ ಕಾಯಿಲೆಯ ಔಷಧಿಯನ್ನು ಎಷ್ಟು ದಿನ, ಹೇಗೆ ತೆಗೆದುಕೊಳ್ಳಬೇಕು, ಪುಣೆ ಮತ್ತು ಪಿಂಪ್ರಿ-ಚಿಂಚವಡ ಪಾಲಿಕೆಯ ಯಾವ ದವಾಖಾನೆಯಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದನ್ನು ವೈದ್ಯರಿಂದ ಬರೆಸಿ ಕನ್ನಡದಲ್ಲಿ ಪ್ರಕಟಿಸಿ. ಮರಾಠಿ ಫಲಕ ಓದಲಾರದ ಕೂಲಿಯವರು ಇಲ್ಲಿ ಬಹಳ ಇದ್ದಾರೆ. ಆ ಪುಟವನ್ನು ಕೂಟಗಳ ಗೋಡೆಗೆ ಅಂಟಿಸುವ ಹೊಣೆ ನಮ್ಮದು.

— ಕನ್ನಡ ಪ್ರಾರ್ಥನಾ ಕೂಟವೊಂದರ ಹಿರಿಯರು, ಭೋಸರಿ, ಪುಣೆ