ಹುಣಸೂರು ದಾರಿಯ ಆ ಕಂಡಕ್ಟರ್ ಅಣ್ಣನಿಗೆ

ಅಪ್ಪ ಹೋದ ತಿಂಗಳು ತೀರಿಕೊಂಡರು. 1971ರ ಯುದ್ಧದಲ್ಲಿದ್ದ ಸೈನಿಕ. ಹೃದಯದ ಕಾಯಿಲೆ ಬಂದ ಮೇಲೂ ಬೆಳಿಗ್ಗೆ ಬೂಟ್ ಪಾಲಿಶ್ ಮಾಡೋದು ಬಿಟ್ಟವರಲ್ಲ. ಅವರ ಕೊನೆಯ ವರ್ಷಗಳು ನಮಗೆ ಸಿಕ್ಕಿದ್ದು ನಿಮ್ಮಿಂದ.

ಮಾಜಿ ಸೈನಿಕರ ಚಿಕಿತ್ಸೆಗೆಂದೇ ಇರುವ ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡು ಮೈಸೂರಿಗೆ ಹೊರಟಿದ್ದೆವು. ಪಿರಿಯಾಪಟ್ಟಣ ದಾಟುತ್ತಲೇ ಅಪ್ಪನಿಗೆ ಎದೆ ಹಿಡಿಯಿತು. ಮೈಯೆಲ್ಲ ಬೆವರು. ನನಗೆ ಕೈಕಾಲೇ ಆಡಲಿಲ್ಲ.

ನೀವು ಟಿಕೆಟ್ ಮಷಿನ್ ಪಕ್ಕಕ್ಕಿಟ್ಟು ಓಡಿ ಬಂದಿರಿ. "ಮಲಗಿಸ್ಬೇಡಿ, ಒರಗಿ ಕೂರಲಿ" ಅಂದಿರಿ. "ತಾತ, ಮಾತ್ರೆ ಎಲ್ಲಿಟ್ಟಿದ್ದೀರಾ?" ಎಂದು ಕೇಳಿ, ಅವರ ಜೇಬಿನಿಂದ ಸಾರ್ಬಿಟ್ರೇಟ್ ತೆಗೆದು ನಾಲಿಗೆ ಕೆಳಗೆ ಇಟ್ಟಿರಿ. ಬೂಟಿನ ಲೇಸ್ ಬಿಚ್ಚಿದಿರಿ. ಬಸ್ ಎಲ್ಲೂ ನಿಲ್ಲದೆ ಹುಣಸೂರಿನ ಸರ್ಕಾರಿ ಆಸ್ಪತ್ರೆ ಬಾಗಿಲಿಗೇ ಬಂತು. ಪ್ರಯಾಣಿಕರು ಒಬ್ಬರೂ ಗೊಣಗಲಿಲ್ಲ. ಅದೂ ದೊಡ್ಡದೇ ಅಲ್ವಾ?

ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ನೀವು ಆ ಬೂಟುಗಳ ಧೂಳು ಒರೆಸಿ ನನ್ನ ಕೈಗೆ ಕೊಟ್ಟಿರಿ. ಆಗಲೇ ನನಗೆ ಉಸಿರು ಬಂದಿದ್ದು. ಹೆಸರು ಕೇಳುವಷ್ಟರಲ್ಲಿ ಬಸ್ ಹೊರಟಿತ್ತು.

ಆಮೇಲೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಅಪ್ಪ ಮೊಮ್ಮಗಳ ಮದುವೆ ನೋಡಿದರು. ಬಸ್ ಹತ್ತಿದಾಗಲೆಲ್ಲ ನಿಮ್ಮನ್ನೇ ಹುಡುಕುತ್ತಿದ್ದರು. ಅವರ ಪರವಾಗಿ ನಾನು ಹೇಳುತ್ತಿದ್ದೇನೆ ಅಣ್ಣಾ, ತುಂಬಾ ಥ್ಯಾಂಕ್ಸ್.